ಹನ್ನೆರಡನೆಯ ಮಂಚ

ಐದು ದಿನ ಜ್ವರ ಬರಿಸಿ ಐದು ವರ್ಷದ ಕೆಲಸ ಕಲಿಸುವ ಔಷಧ ಬಂದಿದೆಯಂತೆ ಎಂಬ ಸುದ್ದಿ ನವತಂತು ಕಾರ್ಖಾನೆಗೆ ಬಂದ ದಿನ, ಎಲ್ಲರಿಗಿಂತ ಮೊದಲು ನಕ್ಕವಳು ನಗೀನಾ.

"ಜ್ವರ ಬಂದ್ರೆ ಇರೋ ಬುದ್ಧೀನೂ ಹೊಂಟೋಯ್ತದೆ ಇಂದ್ರಕ್ಕ, ಕಲಿಯೋದು ಎಲ್ಲಿಂದ ಬಂತು?" ಎಂದಳು. ಪಕ್ಕದಲ್ಲೇ ಬಿಸಿನೀರಿಗೆ ಕೈಹಾಕಿ ರೇಷ್ಮೆಗೂಡಿನ ಎಳೆ ಹುಡುಕುತ್ತಿದ್ದ ಇಂದ್ರಾಣಿಯೂ ನಕ್ಕಳು. ಆ ನಗು ಅವಳಿಗೆ ಈಗಲೂ ನೆನಪಿದೆ.

ಇಬ್ಬರೂ ಹದಿನಾಲ್ಕು ವರ್ಷ ಅಕ್ಕಪಕ್ಕ ಕೂತು ನೂಲು ಬಿಚ್ಚಿದವರು. ರಾಮನಗರದ ಕಡೆ ಸೀರೆ ರೇಷ್ಮೆಯ ಕಾಲ ಮುಗಿದು ಬಹಳ ದಿನವಾಗಿತ್ತು. ಈಗ ನವತಂತುವಿನಲ್ಲಿ ತೆಗೆಯುತ್ತಿದ್ದುದು ಆಸ್ಪತ್ರೆಗಳಲ್ಲಿ ತುಂಡಾದ ನರ ಹೊಲಿಯುವ ದಾರ. ಕಣ್ಣಿಗೆ ಕಾಣದಷ್ಟು ಸಣ್ಣ. ಬೆರಳಿಗೆ ಮಾತ್ರ ಗೊತ್ತಾಗುವಂಥದ್ದು. ಹೊರದೇಶದ ಬೇಡಿಕೆ ಹತ್ತು ಪಟ್ಟಾಯಿತು, ದೊಡ್ಡ ಹೊಸ ಯಂತ್ರ ಬಂತು. ಅದರ ಸುತ್ತ ಹನ್ನೆರಡು ಜನ ಕೂರಬೇಕು, ಮುಂದಾಳೊಬ್ಬಳು ನಿಂತು ನಡೆಸಬೇಕು, ಹನ್ನೆರಡು ಜೊತೆ ಕೈ ಒಂದೇ ಕೈಯ ಹಾಗೆ ಆಡಬೇಕು. ಒಬ್ಬಳು ಕಣ್ಣು ಮಿಟುಕಿಸಿದರೆ ಹನ್ನೆರಡು ಎಳೆಯೂ ಪಟ್ಟನೆ ತುಂಡು! ಸಾಮಾನ್ಯವಾಗಿ ಕಲಿಯಲು ಐದು ವರ್ಷ ಬೇಕಂತೆ. ಕಂಪನಿಗೆ ಐದು ತಿಂಗಳೂ ಕಾಯುವ ತಾಳ್ಮೆ ಇರಲಿಲ್ಲ. ಗೇಟಿನ ಬಳಿ ದೊಡ್ಡ ಬೋರ್ಡು ಬಂತು: "ಬೆಳವಣಿಗೆಯ ಮುಂದಿನ ಹಂತಕ್ಕೆ ನೀವು ಸಿದ್ಧರೇ?" ಸಿದ್ಧರಿಲ್ಲದವರು ಮನೆಗೆ ಹೋಗಬಹುದು ಎಂಬುದನ್ನು ಬೋರ್ಡಿನಲ್ಲಿ ಬರೆದಿರಲಿಲ್ಲ, ಬಾಯಲ್ಲಿ ಹೇಳಿದರು.

ಔಷಧದ ವಿಚಾರವನ್ನು ಕಾರ್ಖಾನೆಯ ವೈದ್ಯೆ ಡಾಕ್ಟರ್ ಪ್ರಫುಲ್ಲಾ ಎಲ್ಲರನ್ನೂ ಕೂರಿಸಿಕೊಂಡು ತಿಳಿಸಿದರು. ಮಗುವಿನ ಮಿದುಳು ಹಸಿಮಣ್ಣು, ಏನು ಒತ್ತಿದರೂ ಅಚ್ಚು ಬೀಳುತ್ತದೆ. ದೊಡ್ಡವರದು ಒಣಗಿದ ಮಣ್ಣು. ಈ ಔಷಧ ಅದನ್ನು ಮತ್ತೆ ಹಸಿ ಮಾಡುತ್ತದೆ. ಐದು ದಿನ ಜ್ವರದ ನಿದ್ದೆ. ಎದ್ದಮೇಲೆ ಆರು ಗಂಟೆ ಹೊತ್ತು ತಲೆ ಹಸಿಯಾಗಿರುತ್ತದೆ. ಆ ಆರು ಗಂಟೆಯಲ್ಲಿ ತಲೆಗೆ ತಂತಿ ಜೋಡಿಸಿದ ಟೋಪಿ ತೊಡಿಸಿ ಪಾಠ ಕೊಟ್ಟರೆ ಸಾಯುವವರೆಗೂ ಅಳಿಯುವುದಿಲ್ಲ. ಆಮೇಲೆ ಮಣ್ಣು ಒಣಗುತ್ತದೆ. ಎರಡನೇ ಸಲ ಹಸಿ ಮಾಡಲು ಹೋದರೆ ಪ್ರಾಣಕ್ಕೇ ಅಪಾಯ.

"ಆ ಆರು ಗಂಟೇಲಿ ಪಾಠ ಕೊಡದೇ ಹೋದ್ರೆ?" ಎಂದು ಕೇಳಿದವಳು ಇಂದ್ರಾಣಿಯ ತಂಗಿ ರೇವತಿ.

"ಖಾಲಿ ಉಳಿಯೋದಿಲ್ಲ. ಕಿವಿಗೆ ಏನು ಬಿತ್ತೋ ಅದೇ ಅಚ್ಚಾಗುತ್ತೆ," ಎಂದರು ಡಾಕ್ಟರ್. "ಅದಕ್ಕೇ ತಡ ಮಾಡಬಾರದು." ಈ ಮಾತನ್ನು ಅಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು. ಇಂದ್ರಾಣಿಯೂ ಕೇಳಿಸಿಕೊಂಡಳು.

ತಂಡಕ್ಕಿಂತ ಮೊದಲು ತಂಡದ ಮುಂದಾಳುಗಳು ಸಿದ್ಧರಾಗಬೇಕು ಎಂಬುದು ಕಂಪನಿಯ ನಿಯಮ. ಇಂದ್ರಾಣಿಯನ್ನು ಮುಂದಾಳು ಮಾಡಿದರು. ಅವಳನ್ನು ಕೂರಿಸಿಕೊಂಡು ಮಾತಾಡಿದವರು ಬೆಳವಣಿಗೆ ವಿಭಾಗದ ಮುಖ್ಯಸ್ಥ ಪದ್ಮನಾಭ. ಒಳ್ಳೆಯ ಮನುಷ್ಯನೇ. ಇಸ್ತ್ರಿ ಹಾಕಿದ ಅಂಗಿ, ನಗುಮುಖ, ಎಲ್ಲರಿಗೂ ಬಹುವಚನ. ಕೆಟ್ಟವನಾಗಿದ್ದರೆ ಚೆನ್ನಾಗಿತ್ತು, ಬೈಯಲಾದರೂ ಆಗುತ್ತಿತ್ತು.

"ನಾಲ್ಕು ಜನರನ್ನ ಜೊತೆಗೆ ಕರ್ಕೊಂಡು ಹೋಗೋದನ್ನ ಮೊದಲು ಎಲ್ಲಿ ಕಲಿತ್ರಿ, ಇಂದ್ರಾಣಿ? ನಿಮ್ಮದೇ ಬೇರಿನಿಂದ ಒಂದು ಮಾತು ಕೊಡಿ. ಅದನ್ನೇ ನಿಮ್ಮೊಳಗೆ ಗಟ್ಟಿ ಮಾಡ್ತೀವಿ."

"ನಮ್ಮವ್ವ ರೇಷ್ಮೆ ಹುಳ ಸಾಕ್ತಿತ್ತು ಸಾರ್," ಎಂದಳು ಇಂದ್ರಾಣಿ. "ಹುಳಕ್ಕೆ ನಾಲ್ಕು ಸಲ ಜ್ವರ ಬತ್ತದೆ. ನಾವು ಜ್ವರ ಅಂತೀವಿ, ಚರ್ಮ ಬಿಟ್ಟು ದೊಡ್ದಾಗೋ ಹೊತ್ತು ಅದು. ತಲೆ ಎತ್ಕಂಡು ಅಲ್ಲಾಡ್ದಂಗೆ ಕೂತಿರ್ತವೆ. ಆಮೇಲೆ ಒಂದೊಂದಾಗಿ ಏಳ್ತವೆ. ಮೊದ್ಲು ಎದ್ದೋವು ಹಸ್ಕಂಡು ಒದ್ದಾಡ್ತವೆ. ಆದ್ರೂ ಸೊಪ್ಪು ಹಾಕಂಗಿಲ್ಲ. ಹಾಕಿದ್ರೆ ಅವು ದಪ್ಪ, ಮಿಕ್ಕಿದ್ದು ಸಣ್ಣ ಆಗಿ ಇಡೀ ತಟ್ಟೆ ಎರಡಾಗೋಯ್ತದೆ. ಎಲ್ಲಾ ಏಳೋಗಂಟ ತಡಿ ಅನ್ನೋದು ನಮ್ಮವ್ವ."

"ಎಂಥಾ ಮಾತು!" ಪದ್ಮನಾಭರ ಕಣ್ಣು ಅರಳಿತು. ಟಪಟಪ ಬರೆದುಕೊಂಡರು. "ಎಲ್ಲರೂ ಏಳುವ ತನಕ ತಡಿ. ನೋಡಿ, ಇದು ನಾಯಕತ್ವ ಅಂದ್ರೆ."

"ಇನ್ನೂ ಐತೆ ಸಾರ್. ನೂರಕ್ಕೆ ತೊಂಬತ್ತು ಎದ್ವು ಅಂದ್ಮೇಲೆ ಕಾಯಂಗಿಲ್ಲ. ಏಳದೆ ಇರೋವನ್ನ ಎತ್ತಿ ಆಚೆ ಬಿಸಾಕಿ, ಎದ್ದಿರೋವಕ್ಕೆ ಸೊಪ್ಪು ಹಾಕ್ಬೇಕು. ಇಲ್ಲಾಂದ್ರೆ ಎದ್ದೋವೂ ಸಾಯ್ತವೆ."

ಪದ್ಮನಾಭರ ಬೆರಳು ನಿಂತಿತು. "ಅದು ಬೇಡ ಬಿಡಿ. ಸ್ವಲ್ಪ ಕಟುವಾಗುತ್ತೆ. ಮೊದಲನೇ ಭಾಗ ಸಾಕು, ಅದು ಮನಸ್ಸಿಗೆ ಮುಟ್ಟುತ್ತೆ." ಇಂದ್ರಾಣಿಗೆ ಏನೋ ಅರ್ಧ ಹೇಳಿದ ಹಾಗೆನಿಸಿತು. ಆದರೆ ಇಸ್ತ್ರಿ ಅಂಗಿಯವರ ಮುಂದೆ ವಾದ ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಐದು ದಿನದ ಜ್ವರ ಬಿಟ್ಟೆದ್ದ ಅವಳ ಹಸಿ ತಲೆಗೆ ಯಂತ್ರದ ಪಾಠದ ನಡುನಡುವೆ ಆ ಅರ್ಧ ಮಾತನ್ನು ನಲವತ್ತು ಸಲ ಹಾಕಿದರು.

ಜ್ವರ ಮುಗಿಸಿ ಮನೆಗೆ ಬಂದ ಮಗಳಲ್ಲಿ ಬದಲಾವಣೆ ಮೊದಲು ಕಂಡದ್ದು ತಾಯಿ ತಿಮ್ಮಾಜಮ್ಮನಿಗೆ. ಆ ಮನೆಯಲ್ಲಿ ಮೂವರೇ: ಎಪ್ಪತ್ತು ದಾಟಿದ ತಿಮ್ಮಾಜಮ್ಮ, ಗಂಡ ತೀರಿಕೊಂಡ ಇಂದ್ರಾಣಿ, ಗಂಡನ ಸಹವಾಸವೇ ಸಾಕೆಂದು ಬಂದ ರೇವತಿ. ಊಟಕ್ಕೆ ಹೊತ್ತುಗೊತ್ತು ಇರಲಿಲ್ಲ. ಹಸಿದವರು ಬಡಿಸಿಕೊಂಡು ತಿನ್ನುವುದು. ಈಗ ನೋಡಿದರೆ ಇಂದ್ರಾಣಿ ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಳೆ!

"ಮುದ್ದೆ ಆರೋಯ್ತದೆ, ಇಕ್ಕೇ," ಎಂದಳು ತಿಮ್ಮಾಜಮ್ಮ.

"ರೇವತಿ ಬರ್ಲಿ."

"ಅವ್ಳು ಅಂಗ್ಡಿಗೆ ಹೋಗವ್ಳೆ, ಅಲ್ಲಿ ಯಾರಾದ್ರೂ ಸಿಕ್ಕಿದ್ರೆ ಮುಗೀತು. ಇದೇನೇ ಹೊಸ ವ್ರತ ನಿಂದು?"

ಇಂದ್ರಾಣಿ ಮುಚ್ಚಳ ತೆಗೆಯಲು ನೋಡಿದಳು. ನಿಜಕ್ಕೂ ನೋಡಿದಳು. ಕೈ ಏಳಲಿಲ್ಲ. ಇಷ್ಟಕ್ಕೆಲ್ಲ ಏನು ಯೋಚನೆ ಎಂದುಕೊಂಡಳು. ರೇವತಿ ಬಂದಳು, ಮೂವರೂ ಆರಿದ ಮುದ್ದೆ ತಿಂದರು. ಯಂತ್ರದ ಮುಂದೆ ಮಾತ್ರ ಇಂದ್ರಾಣಿಯ ಕೈ ಇಪ್ಪತ್ತು ವರ್ಷದಿಂದ ಅದನ್ನೇ ಆಡಿಸಿದ ಹಾಗೆ ಆಡುತ್ತಿತ್ತು. ಪದ್ಮನಾಭರು ನೋಡಿ ಚಪ್ಪಾಳೆ ತಟ್ಟಿದರು.

ತಂಡದ ಸರದಿ ಬಂತು. ಹನ್ನೊಂದು ಜನ ಸಹಿ ಹಾಕಿದರು, ರೇವತಿ ಎಲ್ಲರಿಗಿಂತ ಮುಂಚೆ. ಉಳಿದವಳು ನಗೀನಾ. ಮಧ್ಯಾಹ್ನದ ಹೊತ್ತು ಇಂದ್ರಾಣಿ ಅವಳ ಮನೆಗೆ ಹೋದಳು. ನಗೀನಾ ಅಕ್ಕಿ ಆರಿಸುತ್ತಾ ಕೂತಿದ್ದಳು.

"ನಂಗೆ ಹೆದ್ರಿಕೆ ಕಣಕ್ಕ. ನಮ್ಮಮ್ಮ ಜ್ವರದಲ್ಲೇ ಹೋಗಿದ್ದು, ನಿಂಗೊತ್ತಲ್ಲ. ನಾನು ಏಳ್ದೇ ಇದ್ರೆ?"

"ಬಿಡ್ತು ಅನ್ನು. ನಾನು ಏಳ್ಲಿಲ್ವಾ?"

"ನೀನು ಗಟ್ಟಿಗಿತ್ತಿ. ಎಲ್ರೂ ಎದ್ದು ಹೊಂಟೋಗಿ, ನಾನೊಬ್ಳೇ ಅಲ್ಲಿ ಬಿದ್ದಿದ್ರೆ?"

ಇಂದ್ರಾಣಿ ಅವಳ ಮೊರವನ್ನು ಪಕ್ಕಕ್ಕೆ ಸರಿಸಿ, ಬಿಸಿನೀರಿಗೆ ಬೆಂದು ಸುಕ್ಕಾದ ಎರಡೂ ಕೈ ಹಿಡಿದುಕೊಂಡಳು. "ನೀನು ಏಳೋಗಂಟ ನಾನು ಯಾರ್ನೂ ಒಂದು ಹೆಜ್ಜೆ ಮುಂದಕ್ಕೆ ಬಿಡಕಿಲ್ಲ. ಆಣೆ." ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ನಗೀನಾ ಕಣ್ಣೊರೆಸಿಕೊಂಡು ನಕ್ಕಳು, ಸಂಜೆ ಹೋಗಿ ಸಹಿ ಹಾಕಿದಳು.

ಕಾರ್ಖಾನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಮಂಚ. ಹನ್ನೆರಡನೆಯದು ಕಿಟಕಿಯ ಪಕ್ಕ, ಗಾಳಿ ಬರುತ್ತದೆಂದು ನಗೀನಾ ಕೇಳಿ ಪಡೆದದ್ದು. ಐದು ದಿನ ಅವರು ಮಲಗಿದರು. ಆ ಐದು ದಿನ ಇಂದ್ರಾಣಿಯ ಗಂಟಲಿನಲ್ಲಿ ಕಾಫಿ, ಮಜ್ಜಿಗೆ ಬಿಟ್ಟು ಬೇರೇನೂ ಇಳಿಯಲಿಲ್ಲ. ತಂಗಿಯ ಚಿಂತೆ ಇರಬೇಕು ಎಂದು ತಿಮ್ಮಾಜಮ್ಮ ಅಂದುಕೊಂಡಳು. ಇಂದ್ರಾಣಿಯೂ ಹಾಗೇ ಅಂದುಕೊಂಡಳು.

ಆರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ರೇವತಿ ಕಣ್ಣು ಬಿಟ್ಟಳು. ಹತ್ತರೊಳಗೆ ಹನ್ನೊಂದು ಜನ ಎದ್ದು ಕೂತರು. ಎಳೆಗೂಸಿನ ಕಣ್ಣಿನಿಂದ ಸೂರು, ಗೋಡೆ, ತಮ್ಮ ಕೈ, ಎಲ್ಲವನ್ನೂ ಈಗಷ್ಟೇ ಕಂಡವರಂತೆ ನೋಡುತ್ತಿದ್ದರು. ನಗೀನಾ ಏಳಲಿಲ್ಲ.

ಪಾಠದ ಟೋಪಿಗಳು ಸಿದ್ಧವಾಗಿದ್ದವು. ಆದರೆ ಅವು ಚಾಲೂ ಆಗಬೇಕಾದರೆ ಮುಂದಾಳು ಗಾಜಿನ ಫಲಕದ ಮೇಲೆ ಹೆಬ್ಬೆರಳು ಇಡಬೇಕು. ನಾಯಕತ್ವವನ್ನು ತಂಡದ ಕೈಗೇ ಕೊಟ್ಟಿದ್ದೇವೆ ಎಂದು ಪದ್ಮನಾಭರು ಹೆಮ್ಮೆಯಿಂದ ಮಾಡಿಸಿದ ಏರ್ಪಾಡು. ಅದು ನಾಡಿಯನ್ನೂ ನೋಡುತ್ತದೆ. ಬಲವಂತವಾಗಿ ಒತ್ತಿಸಿದ ಬೆರಳನ್ನು ಒಪ್ಪುವುದಿಲ್ಲ.

"ಶುರು ಮಾಡಿ ಇಂದ್ರಾಣಿಯವರೇ," ಎಂದರು ಪ್ರಫುಲ್ಲಾ. "ಮೂರಕ್ಕೆ ರೇವತಿಯ ಆರು ಗಂಟೆ ಮುಗಿಯುತ್ತೆ."

"ನಗೀನಾ ಎದ್ದಿಲ್ಲ ಡಾಕ್ಟ್ರೇ."

"ಅವರ ಜ್ವರ ಇಳೀತಿಲ್ಲ. ಸಂಜೆ ಏಳಬಹುದು, ಏಳದೇನೂ ಇರಬಹುದು. ಇವರಿಗೆ ಕೊಡಿ ಮೊದಲು."

ಇಂದ್ರಾಣಿ ಫಲಕದ ಮುಂದೆ ನಿಂತಳು. ಆರು ಗಂಟೆಯ ಲೆಕ್ಕ ಅವಳಿಗೆ ಗೊತ್ತಿಲ್ಲದ್ದೇ? ತಡಮಾಡಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಹದಿನಾಲ್ಕು ವರ್ಷ ಕುದಿನೀರಿಗೆ ಯೋಚನೆ ಮಾಡದೆ ಅದ್ದಿದ ಬೆರಳು ಅದು. ತಣ್ಣಗಿನ ಗಾಜಿನ ಮೇಲೆ ಇಳಿಯಲಿಲ್ಲ. ಗೇಣು ದೂರದಲ್ಲೇ ನಿಂತುಬಿಟ್ಟಿತು.

ಪ್ರಫುಲ್ಲಾ ಬೆಂಗಳೂರಿಗೆ ಫೋನು ಮಾಡಿದರು. ಪದ್ಮನಾಭರು ಮೀಟಿಂಗಿನಲ್ಲಿದ್ದರು. "ಹನ್ನೊಂದು ಜನರಿಂದ ಯಂತ್ರ ನಡೆಯೋದಿಲ್ಲ ಡಾಕ್ಟರ್, ಹನ್ನೆರಡೂ ಬೇಕು. ಇನ್ನೂ ಹೊತ್ತಿದೆಯಲ್ಲ? ಆಕೆ ನಮ್ಮ ಅತ್ಯುತ್ತಮ ಲೀಡರ್. ಆಕೆಯ ನಿರ್ಧಾರದ ಮೇಲೆ ನಂಬಿಕೆ ಇಡಿ."

ಹನ್ನೆರಡು ಗಂಟೆಯಾಯಿತು. ಐದು ದಿನದಿಂದ ಬರೀ ನಳಿಕೆಯ ನೀರಿನಲ್ಲಿದ್ದ ಹೆಂಗಸರು ಹಸಿದು ಕೊಸರಾಡತೊಡಗಿದರು. ಪಾಠ ಮುಗಿಯುವ ಮೊದಲು ಊಟ ಕೊಡುವ ಹಾಗಿರಲಿಲ್ಲ. "ಅಕ್ಕ, ಹೊಟ್ಟೆ ಹಸೀತದೆ," ಎಂದಳು ರೇವತಿ. ಇಂದ್ರಾಣಿ ಮಂಚದಿಂದ ಮಂಚಕ್ಕೆ ಹೋದಳು, ಒಬ್ಬೊಬ್ಬಳ ತಲೆ ಸವರಿದಳು. "ತಡೀರವ್ವ. ಎಲ್ಲಾರೂ ಏಳ್ಲಿ."

"ಮಾತಾಡಬೇಡಿ!" ಪ್ರಫುಲ್ಲಾ ಓಡಿಬಂದರು. "ನೀವು ಹೇಳಿದ್ದೆಲ್ಲ ಒಳಗೆ ಹೋಗ್ತಿದೆ. ಗೊತ್ತಿದೆ ತಾನೇ ನಿಮಗೆ?"

"ಗೊತ್ತು ಡಾಕ್ಟ್ರೇ." ಬಾಯಿ ಮುಚ್ಚಿಕೊಂಡಳು. ಆದರೆ ಹಸಿದವರು ಕೇಳುತ್ತಲೇ ಇದ್ದರು, ಹನ್ನೊಂದು ಬಾಯಿ, ಅಕ್ಕ, ಅಕ್ಕ ಎಂದು. ಹಸಿದ ಮಕ್ಕಳಿಗೆ ಉತ್ತರ ಕೊಡದೆ ಎಷ್ಟು ಹೊತ್ತು ಇರಲಾದೀತು? "ಎಲ್ಲಾರೂ ಏಳ್ಲಿ ಕಣ್ರವ್ವ. ತಡೀರಿ." ಎಷ್ಟು ಸಲ ಹೇಳಿದಳೋ, ನಲವತ್ತಕ್ಕಿಂತ ಬಹಳ ಹೆಚ್ಚು.

ಎರಡೂವರೆಗೆ ಪದ್ಮನಾಭರೇ ಫೋನು ಮಾಡಿದರು. ಈ ಸಲ ಬಹುವಚನ ಇರಲಿಲ್ಲ. "ಬೆರಳು ಇಡಮ್ಮ! ಏನ್ ಮಾಡ್ತಿದೀಯ ನೀನು?"

"ಇಡ್ತೀನಿ ಸಾರ್, ಇಡ್ತೀನಿ," ಎಂದು ಅಳುತ್ತಿದ್ದಳು ಇಂದ್ರಾಣಿ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ತಾನೇ ಕೆಳಕ್ಕೆ ಒತ್ತಿದಳು. ಬೆರಳು ಗಾಜಿಗೆ ತಾಗಿತು, ಫಲಕ ಕೆಂಪಾಯಿತು, ನಾಡಿ ಒಪ್ಪಲಿಲ್ಲ. ಪ್ರಫುಲ್ಲಾ ಬಂದು ಅವಳ ಬೆರಳನ್ನು ಒತ್ತಿದರು, ಕಾವಲಿನವನು ಬಂದು ಒತ್ತಿದ. ಕೆಂಪು, ಮತ್ತೆ ಕೆಂಪು. ಕೊನೆಗೆ ಇಂದ್ರಾಣಿ ಹನ್ನೆರಡನೆಯ ಮಂಚದ ಬಳಿ ಕುಸಿದು ನಗೀನಾಳ ಭುಜ ಹಿಡಿದು ಅಲ್ಲಾಡಿಸಿದಳು. "ಏಳೇ. ನನ್ನವ್ವ, ಏಳೇ. ನೀನು ಎದ್ರೆ ಎಲ್ರೂ ಉಳೀತಾರೆ, ಏಳೇ ನಗೀನಾ." ಕಿಟಕಿಯ ಗಾಳಿಗೆ ನಗೀನಾಳ ಮುಂಗುರುಳು ಆಡುತ್ತಿತ್ತು. ಗಡಿಯಾರ ಮೂರು ದಾಟಿತು, ನಾಲ್ಕು ದಾಟಿತು.

ಮೂರನೆಯ ದಿನ ನಗೀನಾ ಹೋಗಿಬಿಟ್ಟಳು. ಈದ್ಗಾದ ಹಿಂದಿನ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ಇಂದ್ರಾಣಿ ರಸ್ತೆಯ ಈಚೆಗೆ ನಿಂತು ನೋಡಿದಳು.

ಉಳಿದ ಹನ್ನೊಂದು ಜನ ಮೇಲ್ನೋಟಕ್ಕೆ ಚೆನ್ನಾಗೇ ಇದ್ದರು. ಮಾತು ಬರುತ್ತಿತ್ತು, ಮಕ್ಕಳ ಹೆಸರು ನೆನಪಿತ್ತು, ಎದ್ದರೆ ನಡೆಯುತ್ತಿದ್ದರು. ಆದರೆ ಯಾವುದನ್ನೂ ಶುರು ಮಾಡುತ್ತಿರಲಿಲ್ಲ. ಮನೆಗೆ ಕರೆತಂದ ರೇವತಿ ಮುದ್ದೆಯ ತಟ್ಟೆಯ ಮುಂದೆ ಕೂತು ಬಾಗಿಲು ನೋಡುತ್ತಿದ್ದಳು. ಹಸಿವಿಗೆ ತುಟಿ ಒಣಗಿ ಬಿರಿದಿತ್ತು.

"ತಿನ್ನವ್ವ," ಎಂದಳು ತಿಮ್ಮಾಜಮ್ಮ.

"ಎಲ್ಲಾರೂ ಏಳ್ಲಿ."

"ಎಲ್ರೂ ಎದ್ದವ್ರೆ, ನೋಡು. ನಾನಿದೀನಿ, ನಿಮ್ಮಕ್ಕ ಐತೆ."

ರೇವತಿ ಇಲ್ಲವೆಂದು ನಿಧಾನವಾಗಿ ತಲೆಯಾಡಿಸಿದಳು. "ಹನ್ನೆರಡು."

ಮುದುಕಿ ತುತ್ತು ಕಟ್ಟಿ ಬಾಯಿಗಿಟ್ಟಳು. ತುತ್ತು ಕೆನ್ನೆಯೊಳಗೇ ಉಳಿಯಿತು, ನುಂಗಲಿಲ್ಲ. ತಿಮ್ಮಾಜಮ್ಮ ಕೈ ತೊಳೆದು ದೊಡ್ಡ ಮಗಳ ಕಡೆ ತಿರುಗಿದಳು. "ಈ ಮಾತು ಯಾರು ಹೇಳ್ಕೊಟ್ರೇ ಇವ್ಳಿಗೆ?"

"ನಾನೇ ಅವ್ವ. ನೀನು ನಂಗೆ ಹೇಳ್ಕೊಟ್ಟಿದ್ದು. ಎಲ್ಲಾ ಏಳೋಗಂಟ ತಡಿ."

"ಅಯ್ಯೋ ಮುಂಡೇದೆ! ನಾನು ಹೇಳಿದ್ದು ಅಷ್ಟೇನಾ? ನೂರಕ್ಕೆ ತೊಂಬತ್ತು ಎದ್ಮೇಲೆ ಕಾಯಬ್ಯಾಡ, ಏಳದೇ ಇರೋದನ್ನ ಎತ್ತಿ ಬಿಸಾಕು ಅಂತ ಹೇಳಿರ್ಲಿಲ್ವಾ? ನಿನ್ನ ಕೈಯಾರ ನೀನೇ ಎತ್ತಿ ಬಿಸಾಕಿದೀಯಲ್ಲೇ ಎಷ್ಟೋ ಸಲ!"

ಇಂದ್ರಾಣಿ ತಾಯಿಯ ಮುಖ ನೋಡಿದಳು. "ಏನಂದೆ ಅವ್ವ?"

ತಿಮ್ಮಾಜಮ್ಮ ಮತ್ತೆ ಹೇಳಿದಳು. ಒಂದೊಂದೇ ಪದ ಬಿಡಿಸಿ ಹೇಳಿದಳು. ಇಂದ್ರಾಣಿಗೆ ಪ್ರತಿ ಪದವೂ ಕೇಳಿಸಿತು, ಆದರೆ ಒಳಗೆ ಬಿದ್ದ ಅಚ್ಚಿನ ಮೇಲೆ ನಿಲ್ಲದೆ, ಮುಗಿಯುವಷ್ಟರಲ್ಲಿ ಎಲ್ಲವೂ ಜಾರಿಹೋಗಿತ್ತು. ಮೂರನೇ ಸಲಕ್ಕೆ ಮುದುಕಿ ಹೇಳುವುದನ್ನು ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹೆತ್ತ ಇಬ್ಬರೂ ಕಣ್ಣೆದುರಿಗೇ ಕೈತಪ್ಪಿದ್ದರು.

ಕಂಪನಿ ಹನ್ನೊಂದು ಜನರನ್ನೂ ಮತ್ತೆ ಆ ಉದ್ದನೆಯ ಕೋಣೆಗೆ ತಂದು ಮೂಗಿಗೆ ನಳಿಕೆ ಹಾಕಿ ಹಾಲು ಇಳಿಸಿತು. ಪದ್ಮನಾಭರು ಬಂದು ಬಾಗಿಲಲ್ಲೇ ನಿಂತು, ತುಂಬಾ ನೋವಾಗಿದೆ, ಮುಂದಿನ ತಂಡಕ್ಕೆ ಈ ಅನುಭವವೇ ಪಾಠವಾಗುತ್ತದೆ ಎಂದು ಹೇಳಿ ಹೋದರು. ಗೇಟಿನ ಬೋರ್ಡು ಹಾಗೇ ಇತ್ತು. ಇಂದ್ರಾಣಿಗೂ ಊಟ ಸೇರುತ್ತಿರಲಿಲ್ಲ. ದುಃಖಕ್ಕೆ ಹೀಗಾಗಿದೆ ಎಂದು ಪ್ರಫುಲ್ಲಾ ದಿನಕ್ಕೊಂದು ಗ್ಲೂಕೋಸ್ ಬಾಟಲಿ ಹಾಕುತ್ತಿದ್ದರು.

ಉಪಾಯ ಹೊಳೆದದ್ದು ತಿಮ್ಮಾಜಮ್ಮನಿಗೆ. ಒಂದು ಮಧ್ಯಾಹ್ನ ಆಕೆ ಒಂದು ದೊಡ್ಡ ಪಾತ್ರೆ ಅನ್ನ, ಸಾರು ಹೊರಿಸಿಕೊಂಡು ಕೋಣೆಗೆ ಬಂದಳು. ಹನ್ನೆರಡು ತಟ್ಟೆ ಸಾಲಾಗಿ ಇಟ್ಟಳು. ನಗೀನಾಳ ಮನೆಯಿಂದ ಕೇಳಿ ತಂದ ಹಸಿರು ಓಢಣಿಯನ್ನು ಇಂದ್ರಾಣಿಯ ಕೈಗೆ ಕೊಟ್ಟಳು. "ಅವ್ಳ ಮಂಚದ ಮೇಲೆ ಮಲಿಕ್ಕೊ. ಆಮೇಲೆ ಏಳು."

"ಅವ್ವ, ಅದು ಮೋಸ."

"ಮೋಸಾನೋ ಗೀಸಾನೋ. ಎದ್ದಿರೋವು ಸಾಯ್ತಾವೆ, ಮಲಗೇ!"

ಇಂದ್ರಾಣಿ ಓಢಣಿ ತಲೆಗೆ ಹೊದ್ದು ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಓಢಣಿಯಲ್ಲಿ ಇನ್ನೂ ಗೂಡು ಬೇಯಿಸಿದ ನೀರಿನ ವಾಸನೆ ಇತ್ತು. ಹನ್ನೊಂದು ಜೊತೆ ಕಣ್ಣು ತನ್ನ ಮೇಲೆ ಬಿದ್ದದ್ದು ಅವಳಿಗೆ ಗೊತ್ತಾಯಿತು. ನೂರು ಎಣಿಸುವಷ್ಟು ಹೊತ್ತು ಮಲಗಿದ್ದು ಎದ್ದು ಕೂತಳು.

"ನಗೀನಾ ಎದ್ಲು," ಎಂದಳು ರೇವತಿ.

"ಎದ್ಲು, ಎದ್ಲು," ಎಂದರು ಉಳಿದವರು. ಹನ್ನೊಂದು ಕೈ ಒಟ್ಟಿಗೆ ತಟ್ಟೆಗೆ ಇಳಿಯಿತು. ಅಬ್ಬಾ, ಆ ಹಸಿವು! ಸಾರು ಮೊಳಕೈಗೆ ಸೋರಿದರೂ ಲಕ್ಷ್ಯವಿಲ್ಲದೆ ತಿಂದರು, ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮುತ್ತಾ ತಿಂದರು. ಮೂಲೆಯಲ್ಲಿ ನಿಂತ ಪ್ರಫುಲ್ಲಾ ಮುಖ ಗೋಡೆಗೆ ತಿರುಗಿಸಿಕೊಂಡರು. ದಿನಕ್ಕೆ ಮೂರು ಸಲ, ಇವರು ಬದುಕಿರುವವರೆಗೂ, ಇಂದ್ರಾಣಿ ಹೀಗೆ ಮಲಗಿ ಏಳಬೇಕು ಎಂಬುದು ಅಲ್ಲಿ ನಿಂತವರಿಗೆಲ್ಲ ಅರ್ಥವಾಗಿತ್ತು.

ರೇವತಿ ತನ್ನ ತಟ್ಟೆಯಿಂದ ತಲೆ ಎತ್ತಿದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. ಹನ್ನೆರಡನೆಯ ತಟ್ಟೆಯನ್ನು ಅಕ್ಕನ ಕಡೆ ನೂಕಿ, "ತಿನ್ನು ನಗೀನಾ," ಎಂದಳು.

ಇಂದ್ರಾಣಿ ಅನ್ನ ಕಲಸಿದಳು. ತುತ್ತು ಮಾಡಿದಳು. ಬಾಯಿಯ ಹತ್ತಿರ ತಂದಳು. ಕೈ ಅಲ್ಲೇ ನಿಂತಿತು, ಅವತ್ತು ಗಾಜಿನ ಮೇಲೆ ನಿಂತ ಹಾಗೆಯೇ. ಮುಚ್ಚಳದ ಮೇಲಿನ ಕೈ, ಐದು ದಿನದ ಬರೀ ಕಾಫಿ-ಮಜ್ಜಿಗೆ, ಗ್ಲೂಕೋಸ್ ಬಾಟಲಿ, ಎಲ್ಲ ಸೇರಿ ತಿಮ್ಮಾಜಮ್ಮನಿಗೆ ಆಗ ಹೊಳೆಯಿತು. ಹನ್ನೊಂದು ಜನರಿಗೆ ಮಾಡಿದ ಉಪಾಯ ಈ ಒಬ್ಬಳ ಮುಂದೆ ನಡೆಯುವುದಿಲ್ಲ, ಮಂಚದ ಮೇಲೆ ಎದ್ದು ಕೂತವಳು ಯಾರು ಎಂಬುದು ಇವಳಿಗೆ ಗೊತ್ತು. ಮುದುಕಿ ಮಗಳ ಮಣಿಕಟ್ಟು ಹಿಡಿದು ತುತ್ತನ್ನು ಅವಳ ಬಾಯಿಗೆ ಒತ್ತಿದಳು.

"ತಿನ್ನು ನನ್ ಕಂದ. ಒಂದೇ ಒಂದು ತುತ್ತು. ನೀನೂ ಎದ್ದಿದೀಯ, ತಿನ್ನು."

ಇಂದ್ರಾಣಿ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಟ್ಟು, ಓಢಣಿಯ ಅಂಚಿನಿಂದ ತಾಯಿಯ ಕಣ್ಣೊರೆಸಿದಳು.

"ತಡಿಯವ್ವ," ಎಂದಳು. "ನಗೀನಾ ಇನ್ನೂ ಎದ್ದಿಲ್ಲ."